ಪದ ಬೇಕು: ಲೇಸರ್ ಮಾಡಿಸಿದ ಮೇಲೆ ಬರುವ 'ಕಲೆ'ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮಲ್ಲೇಶ್ವರದ ಒಂದು ಚರ್ಮದ ಕ್ಲಿನಿಕ್ಕಿನ ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು.

ವಿಷಯ ಇಷ್ಟು. ಮೊಡವೆ ಕಲೆಗೆ ಲೇಸರ್ ಮಾಡಿಸಿದರೆ, ಕೆಲವು ವಾರ ಬಿಟ್ಟು ಅದೇ ಜಾಗ ಕಪ್ಪಾಗಬಹುದು. ಬಿಸಿಗೆ ಚರ್ಮ ಕೆರಳಿ, ತನಗೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ ಮಾಡಿಕೊಳ್ಳುತ್ತದೆ. ಚರ್ಮದ ಬಣ್ಣಕ್ಕೆ 1ರಿಂದ 6ರವರೆಗೆ ನಂಬರು ಕೊಡುವ ಫಿಟ್ಸ್‌ಪ್ಯಾಟ್ರಿಕ್ ಪಟ್ಟಿಯಲ್ಲಿ (ನಂಬರು ಏರಿದಷ್ಟೂ ಬಣ್ಣ ಕಪ್ಪು) ನಮ್ಮವರು ಹೆಚ್ಚಾಗಿ 4, 5. ಹಾಗಾಗಿ ಇದು ನಮಗೇ ಜಾಸ್ತಿ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮಾಸುತ್ತದೆ. ಕೆಲವರಿಗೆ ಉಲ್ಟಾ, ಬಿಳಿಚಿಕೊಳ್ಳುತ್ತದೆ. ಅದು ಹಾಗೇ ಉಳಿದುಬಿಡಲೂಬಹುದು.

ನನ್ನ ಕರಡು: "ಕಲೆಗೆ ಚಿಕಿತ್ಸೆ ಪಡೆದಾಗ ಅಡ್ಡಪರಿಣಾಮವಾಗಿ ಕಲೆ ಉಂಟಾಗಬಹುದು." ರಿಸೆಪ್ಷನ್ನಿನ ಹುಡುಗಿ ಓದಿ, "ಹಾಗಾದ್ರೆ ದುಡ್ಡು ಯಾಕೆ ಕೊಡ್ಬೇಕು ಸಾರ್?" ಅಂದಳು.

ಮರು:
'ಅಡ್ಡಪರಿಣಾಮ' ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ತಪ್ಪು ಜೋಡಿ. ಮೊದಲು ಅದನ್ನು ತೆಗೆಯಿರಿ, ಕಲೆ ಆಮೇಲೆ. 'ಪಾರ್ಶ್ವಪರಿಣಾಮ' ಅಂತಿರಲಿ.

ಮರು:
ಪಾರ್ಶ್ವ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಪಾರ್ಶ್ವವಾಯು ಸ್ವಾಮಿ. ಮೊಡವೆ ತೋರಿಸಲು ಬಂದವಳು ಎದ್ದು ಓಡುತ್ತಾಳೆ. ಮಳೆಗಾಲವೂ ಅರಿಸಮಾಸವೇ ಅಲ್ವಾ, ಬಿಡ್ತೀರಾ?

ಮರು:
ಕಾಲ ಸಮಸಂಸ್ಕೃತ, ರೂಪ ಕೆಡದೆ ಕನ್ನಡಕ್ಕೆ ಬಂದ ಸಂಸ್ಕೃತ ಪದ; ಅದು ಕನ್ನಡದ ಜೊತೆ ಸೇರಬಹುದು. ಹಳೆಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿದ್ದಾನೆ. ಅವನ ಶಬ್ದಮಣಿದರ್ಪಣ ಓದಿಕೊಂಡು ಬನ್ನಿ.

ಮರು:
ಓದಿದ್ದೇನೆ. ಪರಿಣಾಮವೂ ರೂಪ ಕೆಡದೆ ಬಂದ ಪದವೇ. ಕಾಲಕ್ಕೆ ಕೊಟ್ಟ ಪಾಸು ಇದಕ್ಕೆ ಯಾಕಿಲ್ಲ?

ಕೇಳಿದವರಿಗೆ: ಮೊಡವೆಯದು 'ಕಲೆ'ಯಾಗಿಯೇ ಇರಲಿ. ಲೇಸರ್ ಆದಮೇಲಿನದು ಬರೀ ಬಣ್ಣ. ಸೊಳ್ಳೆ ಕಚ್ಚಿದ್ದನ್ನು ಕೆರೆದು ಕಪ್ಪಾದರೆ ನಮ್ಮಮ್ಮ "ಕಪ್ಪುಗಟ್ಟಿದೆ" ಅಂತಾರೆ. ಅದೂ ಇದೂ ಒಂದೇ. 'ಬಂಗು' ಬೇಡ, ಅದು ಬೇರೆ. ಬಿಳಿಯದಕ್ಕೆ 'ತೊನ್ನು' ಅಂತೂ ಬೇಡವೇ ಬೇಡ. ಹೆಣ್ಣು ನೋಡಲು ಬರುವ ಮನೆಯಲ್ಲಿ ಆ ಪದ ಕಿವಿಗೆ ಬಿದ್ದರೆ ಸಾಕು. ಹಾಗಂತ 'ಬೆಳ್ಳಗಾಗಬಹುದು' ಅಂತ ಬರೆದೀರಿ, ಜನ ಕ್ಯೂ ನಿಲ್ಲುತ್ತಾರೆ! 'ಬಣ್ಣಗೆಡು' ನೋಡಿ.

ಮರು:
'ಲೇಸರ್' ಮಾತ್ರ ಹಾಗೇ ಬಿಟ್ಟಿದ್ದೀರಿ. ಅದಕ್ಕೆ ಕನ್ನಡ ಬೇಡವೋ?

ಮರು:
ಅದು ಇಂಗ್ಲಿಷಿನಲ್ಲೂ ಐದು ಮೊದಲಕ್ಷರ ಪೋಣಿಸಿ ಮಾಡಿದ್ದು. ಸುಮ್ನೆ ಬಿಡಿ.

ಮರು:
ಕಳಿಸಿಬಿಟ್ಟೆ. "ಅಡ್ಡಪರಿಣಾಮ: ಕಲೆ ಇದ್ದ ಜಾಗ ಕೆಲವು ತಿಂಗಳು ಕಪ್ಪುಗಟ್ಟಬಹುದು. ಕೆಲವರಿಗೆ ಬಣ್ಣಗೆಡಬಹುದು, ಅದು ಉಳಿಯಲೂಬಹುದು." ಹುಡುಗಿ ಓದಿ ತಲೆಯಾಡಿಸಿದಳು. ಎಲ್ಲರಿಗೂ ಥ್ಯಾಂಕ್ಸ್.

ಮರು:
ಬಣ್ಣ ವರ್ಣದ ತದ್ಭವ. ಗೊತ್ತಿರಲಿ.