ಮಡಚುವ ಚಾಕುವಿನ ಲಾಕ್ ಪರೀಕ್ಷೆಗಳಿಂದ ನಿಜಕ್ಕೂ ಏನು ತಿಳಿಯುತ್ತದೆ?

ಪ್ರಶ್ನೆ

ತೋಟದಲ್ಲಿ ಹಗ್ಗ, ಹನಿ ನೀರಾವರಿಯ ಪೈಪು, ಗೊಬ್ಬರದ ಚೀಲ ಕತ್ತರಿಸಲು ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಲಾಕ್ ಇರುವ ಮಡಚುವ ಚಾಕುವೊಂದನ್ನು ಕೊಳ್ಳಬೇಕೆಂದಿದ್ದೇನೆ. ಯೂಟ್ಯೂಬ್ ವಿಡಿಯೊಗಳಲ್ಲಿ ಕೆಲವರು ಅಲಗನ್ನು ವೈಸ್‌ಗೆ (ವಸ್ತುವನ್ನು ಕದಲದಂತೆ ಹಿಡಿಯುವ ಸಾಧನ) ಬಿಗಿದು, ಲಾಕ್ ಸೋಲುವವರೆಗೆ ಹಿಡಿಗೆ ಭಾರ ನೇತುಹಾಕುತ್ತಾರೆ. ಇನ್ನು ಕೆಲವರು ಅಲಗಿನ ಬೆನ್ನನ್ನು ಮರದ ದಿಮ್ಮಿಗೆ ಬಡಿಯುತ್ತಾರೆ. ಈ ಫಲಿತಾಂಶಗಳನ್ನು ನೋಡಿ ಚಾಕು ಆರಿಸುವುದು ಸರಿಯೇ?

ಉತ್ತರ 1

ಎಷ್ಟು ಕಿಲೊ ತಡೆಯಿತು ಎಂಬುದೊಂದರಿಂದಲೇ ಏನೂ ತಿಳಿಯುವುದಿಲ್ಲ. ಕೀಲಿನಿಂದ 10 ಸೆಂ.ಮೀ. ದೂರದಲ್ಲಿ ತೂಗಿದ 20 ಕಿಲೊ ಮತ್ತು 5 ಸೆಂ.ಮೀ. ದೂರದಲ್ಲಿ ತೂಗಿದ 40 ಕಿಲೊ ಲಾಕ್‌ನ ಮೇಲೆ ಒಂದೇ ಪ್ರಮಾಣದ ತಿರುಚುಬಲವನ್ನು ಹಾಕುತ್ತವೆಯಾದ್ದರಿಂದ, ದೂರವನ್ನು ಹೇಳದ ವಿಡಿಯೊಗಳನ್ನು ಹೋಲಿಸಲು ಬರುವುದಿಲ್ಲ. ಒಂದೇ ಒಂದು ಚಾಕುವನ್ನು ಮುರಿದು ಆ ಮಾದರಿಗೆಲ್ಲ ತೀರ್ಪು ಕೊಡುವುದಂತೂ ಇನ್ನೂ ವಿಚಿತ್ರ.

ಅದಕ್ಕಿಂತ ಮುಖ್ಯವಾದದ್ದು ಬಲದ ದಿಕ್ಕು. ಹರಿತದ ಅಂಚನ್ನು ಒತ್ತಿ ಕತ್ತರಿಸುವಾಗ ಅಲಗು ಇನ್ನಷ್ಟು ತೆರೆಯುವ ಕಡೆಗೇ ತಳ್ಳಲ್ಪಡುತ್ತದೆ. ಆ ಭಾರವನ್ನು ಹೆಚ್ಚಿನ ಚಾಕುಗಳಲ್ಲಿ ಸ್ಟಾಪ್ ಪಿನ್, ಅಂದರೆ ತೆರೆದ ಅಲಗನ್ನು ತಡೆದು ನಿಲ್ಲಿಸುವ ಅಡ್ಡಕಡ್ಡಿ, ಹೊರುತ್ತದೆ. ಮೊನೆಯಿಂದ ಚುಚ್ಚುವಾಗ ಅಥವಾ ಸಿಕ್ಕಿಕೊಂಡ ಅಲಗನ್ನು ಅಲುಗಾಡಿಸಿ ಹೊರಗೆಳೆಯುವಾಗ ಮಾತ್ರ ಲಾಕ್‌ಗೆ ನಿಜವಾದ ಕೆಲಸ ಬೀಳುತ್ತದೆ.

ಉತ್ತರ 2

ದಿಕ್ಕಿನ ಮಾತನ್ನು ಒಪ್ಪುತ್ತೇನೆ, ಆದರೆ ಪರೀಕ್ಷೆಗಳೆಲ್ಲ ವ್ಯರ್ಥವೆಂದು ತಳ್ಳಿಹಾಕಲಾರೆ. ಕೋಲ್ಡ್ ಸ್ಟೀಲ್ ಕಂಪನಿಯ ಚಾಕುಗಳಲ್ಲಿರುವ, ಚಾಕು ವಿನ್ಯಾಸಕ ಆ್ಯಂಡ್ರೂ ಡೆಮ್ಕೊ ರೂಪಿಸಿದ ಟ್ರೈ-ಆ್ಯಡ್ ಲಾಕ್‌ನಲ್ಲಿ ಅಲಗಿಗೂ ಅದನ್ನು ಹಿಡಿದಿಡುವ ಲಾಕ್‌ನ ಸನ್ನೆಗೂ (ಲಿವರ್) ನಡುವೆ ಸ್ಟಾಪ್ ಪಿನ್ ಇರುವುದರಿಂದ ಭಾರವು ಸನ್ನೆಯ ಸಣ್ಣ ಕೀಲಿನ ಮೇಲೆ ಬೀಳದೆ ಹಿಡಿಗೆ ದಾಟುತ್ತದೆ. ನೇತುಹಾಕಿದ ಭಾರವು ತೋರಿಸುವುದು ಇಂತಹ ವಿನ್ಯಾಸದ ವ್ಯತ್ಯಾಸವನ್ನೇ. ಬೆನ್ನು ಬಡಿಯುವ ಪರೀಕ್ಷೆಗೆ ಮಾತ್ರ ನನ್ನಲ್ಲಿ ಗೌರವವಿಲ್ಲ. ಹಿಡಿಯನ್ನು ಸಡಿಲವಾಗಿ ಹಿಡಿದಾಗ ಒಂದು ಫಲಿತಾಂಶ, ಬಿಗಿಯಾಗಿ ಹಿಡಿದಾಗ ಇನ್ನೊಂದು ಫಲಿತಾಂಶ ಬರಬಹುದಾದ್ದರಿಂದ ಅದನ್ನು ಅಳತೆಯೆಂದು ಕರೆಯಲಾಗದು.

ತೋಟದಲ್ಲಿ ಲಾಕ್ ಕೈಕೊಡುವುದು ಬೇರೆಯೇ ಕಾರಣಗಳಿಂದ. ಬಕ್ 110ರಂತಹ ಚಾಕುಗಳಲ್ಲಿ ಹಿಡಿಯ ಬೆನ್ನಿನ ಸನ್ನೆ ಅಲಗಿನ ಕಚ್ಚಿಗೆ ಕೂರುವ ಬ್ಯಾಕ್ ಲಾಕ್ ಇರುತ್ತದೆ; ಆ ಕಚ್ಚಿನಲ್ಲಿ ಮಣ್ಣು ತುಂಬಿದರೆ ಸನ್ನೆ ಪೂರ್ತಿ ಕೂರುವುದಿಲ್ಲ. ಲೈನರ್ ಲಾಕ್‌ನಲ್ಲಿ ಅಲಗಿಗೆ ಅಡ್ಡ ನಿಲ್ಲುವ ಹಿಡಿಯೊಳಗಿನ ತಗಡು ಎಣ್ಣೆಯಿಂದಲೋ ಹಿಡಿಯನ್ನು ತಿರುಚುವುದರಿಂದಲೋ ಜಾರಬಹುದು. ಬಿಗಿ ಹಿಡಿತದಲ್ಲಿ ಬೆರಳೇ ಲಾಕ್ ಬಿಡಿಸಿಬಿಡುವುದೂ ಉಂಟು. ಚೊಕ್ಕಟವಾದ ಹೊಸ ಚಾಕುವನ್ನು ವೈಸ್‌ಗೆ ಸಿಕ್ಕಿಸುವ ಪರೀಕ್ಷೆ ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಆದ್ದರಿಂದ ಅಂಗಡಿಯಲ್ಲೇ ಚಾಕುವನ್ನು ಹಲವು ಸಲ ತೆರೆದು, ಲಾಕ್ ಪ್ರತಿ ಸಲವೂ ಅದೇ ಜಾಗದಲ್ಲಿ ಕೂರುತ್ತದೆಯೇ ಎಂದು ನೋಡಿ; ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು ಬೆನ್ನನ್ನು ನಿಧಾನವಾಗಿ ಒತ್ತಿ, ಅಲುಗಾಟವಿದ್ದರೆ ಬಿಟ್ಟುಬಿಡಿ.

ಉತ್ತರ 3

ಫ್ರೆಂಚ್ ಚಾಕು ಒಪಿನೆಲ್‌ನಲ್ಲಿ ಲಾಕ್ ಆಗಿ ಕೆಲಸ ಮಾಡುವ ತಿರುಗಿಸುವ ಉಂಗುರ 1955ರಿಂದ ಬಳಕೆಯಲ್ಲಿದೆ; ರಚನೆ ಬಹಳ ಸರಳ, ಆದರೆ ಉಂಗುರವನ್ನು ತಿರುಗಿಸಲು ಮರೆತರೆ ಅದು ಇದ್ದೂ ಇಲ್ಲದಂತೆ. ವಿಕ್ಟೋರಿನಾಕ್ಸ್‌ನ ಸಣ್ಣ ಚಾಕುಗಳಲ್ಲಿ ಸ್ಪ್ರಿಂಗ್ ಮಾತ್ರ ಇದ್ದು ಲಾಕೇ ಇಲ್ಲದಿದ್ದರೂ, ಹಗ್ಗ ಮತ್ತು ಚೀಲದ ಕೆಲಸಕ್ಕೆ ಅವು ಸಾಕು. ಅಲಗನ್ನು ಸನ್ನೆಗೋಲಿನಂತೆ ಮೀಟುವ ಕೆಲಸ ನಿಮಗಿದ್ದರೆ ಲಾಕ್‌ಗಳ ಹೋಲಿಕೆಯನ್ನು ಕೈಬಿಟ್ಟು ಮಡಚದ ಚಾಕುವನ್ನೇ ಕೊಳ್ಳಿ.