ಮಾರಿಷಸ್‌ನಲ್ಲಿ ನನ್ನ ಸೋಪಿನ ಹೆಸರು ಇನ್ನೊಬ್ಬರ ಪೊಟ್ಟಣದ ಮೇಲೆ, ಏನು ಮಾಡಲಿ?

ನೊರೆಯಕ್ಕ:
ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಮಾರಿಷಸ್‌ಗೆ ಬಂದು ಒಂಬತ್ತು ವರ್ಷವಾಯಿತು. ಮೂರು ವರ್ಷದಿಂದ ಮನೆಯಲ್ಲೇ ಸೋಪು ಮಾಡಿ ಕಾತ್ರ್ ಬೋರ್ನ್‌ನ ಭಾನುವಾರದ ಸಂತೆಯಲ್ಲಿ ಮಾರುತ್ತೇನೆ. ಹೆಸರು 'ನೊರೆ'. ಪೊಟ್ಟಣದ ಮೇಲೆ ಬೋಗುಣಿಯಲ್ಲಿ ಕೂತು ಬೆನ್ನು ಉಜ್ಜಿಕೊಳ್ಳುವ ಡೋಡೋ ಹಕ್ಕಿ. ಬರೆದುಕೊಟ್ಟವಳು ನನ್ನ ನಾದಿನಿ.

ಹೋದ ವಾರ ಗ್ರಾಂ ಬೇ ಕಡೆ ಹೋಗಿದ್ದೆ. ಅಲ್ಲಿ ಒಂದು ಅಂಗಡಿಯಲ್ಲಿ ಅದೇ ಹೆಸರಿನ ಸೋಪು! ಕೊನೆಯ ಅಕ್ಷರದ ತಲೆ ಮೇಲೆ ಒಂದು ಫ್ರೆಂಚ್ ಗೀಟು ಎಳೆದಿದ್ದಾರೆ, ಅಷ್ಟೇ ವ್ಯತ್ಯಾಸ. ಡೋಡೋ ಕೂಡ ಇದೆ, ಬೋಗುಣಿ ಹೋಗಿ ಟಬ್ ಬಂದಿದೆ. ನಾನು 120 ಮಾರಿಷಸ್ ರೂಪಾಯಿಗೆ ಕೊಡುವುದನ್ನು ಅವರು 180ಕ್ಕೆ ಮಾರುತ್ತಿದ್ದಾರೆ. ಕೇಳಿದರೆ 'ನಿಮ್ಮ ಹೆಸರು ರಿಜಿಸ್ಟರ್ ಆಗಿದೆಯಾ ಮೇಡಂ?' ಅಂತ ನನಗೇ ಪ್ರಶ್ನೆ.

ನನ್ನ ಹತ್ತಿರ ಬಿ.ಆರ್.ಎನ್. (ವ್ಯಾಪಾರ ನೋಂದಣಿ ಸಂಖ್ಯೆ) ಇದೆ. ಅದು ಸಾಲದಾ? ಊರಲ್ಲಿ ತಮ್ಮನ ಕೈಲಿ ಟ್ರೇಡ್‌ಮಾರ್ಕ್ ಮಾಡಿಸಿದರೆ ಇಲ್ಲಿ ನಡೆಯುತ್ತದಾ? ವೆನಿಲಾ ಕಾಯಿಯನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕುವ ನನ್ನ ವಿಧಾನಕ್ಕೆ ಪೇಟೆಂಟ್ ಸಿಗುತ್ತದಾ? ರಾತ್ರಿ ನಿದ್ದೆ ಬರುತ್ತಿಲ್ಲ.

ರೋಸ್ ಹಿಲ್ ರಾಯರು:
ತಂಗೀ, ಇದೇ ಹಳ್ಳಕ್ಕೆ ನಾನೂ ಬಿದ್ದಿದ್ದೆ, ಉಪ್ಪಿನಕಾಯಿ ವ್ಯಾಪಾರದಲ್ಲಿ. ಬಿ.ಆರ್.ಎನ್. ಅನ್ನೋದು ನೀವು ವ್ಯಾಪಾರ ಮಾಡುತ್ತಿದ್ದೀರಿ ಅಂತ ಸರ್ಕಾರಕ್ಕೆ ಗೊತ್ತಾಗಲು ಇರುವ ನಂಬರು. ಹೆಸರಿನ ಮೇಲೆ ಹಕ್ಕು ಬರುವುದು ಇಂಡಸ್ಟ್ರಿಯಲ್ ಪ್ರಾಪರ್ಟಿ ಆಫೀಸಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಆದರೆ ಮಾತ್ರ. ಎರಡೂ ಬೇರೆ ಬೇರೆ ಕಚೇರಿ. ನಾನು ಆರು ವರ್ಷ ಬಿ.ಆರ್.ಎನ್. ಕಾಗದವನ್ನೇ ಟ್ರೇಡ್‌ಮಾರ್ಕ್ ಅಂದುಕೊಂಡು ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದ್ದೆ, ನಗಬೇಡಿ.

ಭಾರತದ ನೋಂದಣಿ ಸಮುದ್ರ ದಾಟುವುದಿಲ್ಲ. ಮೊದಲು ಇಲ್ಲಿ ಅರ್ಜಿ ಹಾಕಿ. ಟ್ರೇಡ್‌ಮಾರ್ಕ್‌ಗೆ ಸರಕುಗಳನ್ನು ಕ್ಲಾಸುಗಳಾಗಿ ವಿಂಗಡಿಸಿದ್ದಾರೆ, ಸೋಪು 3ನೇ ಕ್ಲಾಸಿಗೆ ಬರುತ್ತದೆ. ಸಿಕ್ಕರೆ 10 ವರ್ಷ, ಆಮೇಲೆ ನವೀಕರಿಸುತ್ತಾ ಹೋಗಬಹುದು. ಊರಲ್ಲೂ ಮಾರುವ ಆಸೆ ಇದ್ದರೆ ಇಲ್ಲಿ ಹಾಕಿದ ಆರು ತಿಂಗಳೊಳಗೆ ಅಲ್ಲೂ ಹಾಕಿ, ಇಲ್ಲಿನ ತಾರೀಖೇ ಅಲ್ಲೂ ಲೆಕ್ಕಕ್ಕೆ ಬರುತ್ತದೆ. ಒಂದೇ ಅರ್ಜಿಯಲ್ಲಿ ಹಲವು ದೇಶಗಳಿಗೆ ಟ್ರೇಡ್‌ಮಾರ್ಕ್ ಕೇಳಲು ಇರುವ ಮ್ಯಾಡ್ರಿಡ್ ಒಪ್ಪಂದದಲ್ಲಿ 2023ರ ಮೇ ತಿಂಗಳಿಂದ ಮಾರಿಷಸ್ ಇದೆ, ಭಾರತವೂ ಇದೆ. ಹಾಗಾಗಿ ಇಲ್ಲಿಂದಲೇ ಭಾರತವನ್ನು ಸೇರಿಸಿ ಹಾಕಬಹುದು. ನನ್ನ ಕಾಲದಲ್ಲಿ ಈ ಸೌಕರ್ಯ ಇರಲಿಲ್ಲ.

ಪೇಟೆಂಟ್ ಆಸೆ ಬಿಡಿ. ಎಣ್ಣೆಯಲ್ಲಿ ನೆನೆಹಾಕುವುದು ಜಗತ್ತಿಗೇ ಗೊತ್ತಿರುವ ಕೆಲಸ. ಎಷ್ಟು ದಿನ, ಎಷ್ಟು ಬಿಸಿ ಅನ್ನೋದನ್ನು ಯಾರಿಗೂ ಹೇಳಬೇಡಿ, ಅದೇ ಕಾವಲು. ಸಹಾಯಕ್ಕೆ ಬರುವ ಹುಡುಗಿಯ ಕೈಲಿ ಗುಟ್ಟು ಹೊರಗೆ ಹೇಳುವುದಿಲ್ಲ ಅಂತ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿ.

ಹಡಗುಕಟ್ಟೆ:
ರಾಯರು ಹೇಳಿದ್ದಕ್ಕೆ ಎರಡು ಮಾತು. ಡೋಡೋ ಮೇಲೆ ಜಾಸ್ತಿ ಭರವಸೆ ಇಡಬೇಡಿ. ಈ ದ್ವೀಪದಲ್ಲಿ ಟೀ ಶರ್ಟಿನಿಂದ ಬೀಗದ ಗೊಂಚಲಿನವರೆಗೆ ಅದೇ ಹಕ್ಕಿ. ದೇಶದ ಲಾಂಛನದಲ್ಲೂ ಜಿಂಕೆಯ ಎದುರಿಗೆ ಅದೇ ನಿಂತಿದೆ. ಹೆಸರಿಗೆ ಒಂದು ಅರ್ಜಿ, ಚಿತ್ರಕ್ಕೆ ಬೇರೆ ಅರ್ಜಿ ಹಾಕಿ. ಒಂದು ಬಿದ್ದರೂ ಇನ್ನೊಂದು ಉಳಿಯುತ್ತದೆ.

ಆದರೆ ಬೆನ್ನು ಉಜ್ಜಿಕೊಳ್ಳುವ ಆ ಡೋಡೋಗೆ ಕಾಪಿರೈಟ್ ಇದೆ, ಅದಕ್ಕೆ ನೋಂದಣಿ ಬೇಕಿಲ್ಲ. ತೊಂದರೆ ಏನೆಂದರೆ ಅದು ನಿಮ್ಮದಲ್ಲ, ನಾದಿನಿಯದು! ಚಿತ್ರದ ಹಕ್ಕನ್ನು ನಿಮಗೆ ಬಿಟ್ಟುಕೊಟ್ಟಿದ್ದೇನೆ ಅಂತ ಒಂದು ಕಾಗದ ಮಾಡಿಸಿ, ಅವಳ ಸಹಿ ತಗೊಳ್ಳಿ. ಹಬ್ಬಕ್ಕೆ ಸೀರೆ ಕೊಡಿಸಿದರೆ ಸಾಲದು.

ಇನ್ನೊಂದು. 'ನೊರೆ' ಅಂದರೆ ಇಲ್ಲಿನ ಕ್ರಿಯೋಲ್ ಮಾತಾಡುವವರಿಗೆ ಏನೂ ಅಲ್ಲ, ಅದು ಒಳ್ಳೆಯದೇ. ಆದರೆ ತಮಿಳಿನಲ್ಲಿ ನುರೈ, ತೆಲುಗಿನಲ್ಲಿ ನುರಗ. ಇಲ್ಲಿ ಎರಡೂ ಕಡೆಯವರು ಇದ್ದಾರೆ ಅಲ್ವಾ? ಸೋಪಿಗೆ ನೊರೆ ಅಂತ ಹೆಸರಿಟ್ಟರೆ ಅದು ವರ್ಣನೆ ಅಷ್ಟೇ ಅಂತ ಯಾರಾದರೂ ತಕರಾರು ಎತ್ತಬಹುದು. ಉತ್ತರ ಈಗಲೇ ಯೋಚಿಸಿಟ್ಟುಕೊಳ್ಳಿ.

ನೋಂದಣಿ ಆದ ಮೇಲೆ ಎಂ.ಆರ್.ಎ. (ಇಲ್ಲಿನ ತೆರಿಗೆ ಇಲಾಖೆ) ಕಸ್ಟಮ್ಸ್‌ನಲ್ಲೂ ನಿಮ್ಮ ಟ್ರೇಡ್‌ಮಾರ್ಕ್ ದಾಖಲಿಸಿ. ನಕಲು ಸರಕು ಹೊರಗಿನಿಂದ ಬರುತ್ತಿದ್ದರೆ ಪೋರ್ಟ್ ಲೂಯಿಸ್ ಬಂದರಿನಲ್ಲೇ ತಡೆಯಲು ದಾರಿ ಇದೆ.

ನೊರೆಯಕ್ಕ:
ಇಬ್ಬರಿಗೂ ಕೈಮುಗಿದೆ. ಅಂಗಡಿಯವರು ನನಗಿಂತ ಮೊದಲು ಅರ್ಜಿ ಹಾಕಿಬಿಟ್ಟಿದ್ದರೆ?

ರೋಸ್ ಹಿಲ್ ರಾಯರು:
ಅದಕ್ಕೇ ನಾಳೆ ಅನ್ನಬೇಡಿ. ಆ ಹೆಸರಿಗೆ ಅರ್ಜಿ ಬಂದಿದೆಯಾ ಅಂತ ಮೊದಲು ಹುಡುಕಿ ನೋಡಿ. ಅವರ ಅರ್ಜಿ ಪ್ರಕಟವಾದರೆ ಆಕ್ಷೇಪಣೆ ಸಲ್ಲಿಸಲು ಅವಕಾಶ ಇರುತ್ತದೆ. 2002ರ ಅನುಚಿತ ಪೈಪೋಟಿ ವಿರುದ್ಧದ ಕಾಯ್ದೆಯೂ ಇದೆ, ನೋಂದಣಿ ಇಲ್ಲದವರೂ ಅದನ್ನು ಹಿಡಿಯಬಹುದು. ಆದರೆ ನೀವೇ ಮೊದಲು ಅಂತ ತೋರಿಸಬೇಕು. ಸಂತೆಯ ರಸೀದಿ, ತಾರೀಖು ಇರುವ ಫೋಟೋ, ಪೊಟ್ಟಣ ಅಚ್ಚು ಹಾಕಿಸಿದ ಬಿಲ್ಲು, ಯಾವುದನ್ನೂ ಬಿಸಾಡಬೇಡಿ. ಅವರ ಸೋಪು ಒಂದು ಕೊಂಡು ಬಿಲ್ಲು ತಗೊಳ್ಳಿ.

ನೊರೆಯಕ್ಕ:
180 ಕೊಟ್ಟು ಕೊಂಡೆ. ನೊರೆಯೇ ಬರುವುದಿಲ್ಲ! ಹೆಸರಿಗೆ ಅರ್ಜಿ ಇವತ್ತು ಬೆಳಗ್ಗೆ ಹಾಕಿಬಂದೆ. ನಾದಿನಿ ಸಹಿ ಹಾಕುತ್ತೇನೆ ಅಂದಿದ್ದಾಳೆ, ಆದರೆ ಸೀರೆಯೂ ಬೇಕಂತೆ.