ಅಜ್ಜಿ ಮಾರಿ ನೋಡೋದಾ, ಟ್ಯಾಬ್ ನೋಡೋದಾ?

ಕುಷ್ಟಗಿ ಸಿಸ್ಟರ್:
ಕೊಪ್ಪಳ ಜಿಲ್ಲೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿದ್ದೇನೆ. 30 ದಾಟಿದವರಿಗೆಲ್ಲ ಬಿಪಿ, ಶುಗರ್ ನೋಡಿ ಟ್ಯಾಬ್‌ಗೆ ಹಾಕಬೇಕು. ಮೊನ್ನೆ ಒಬ್ಬ ಅಜ್ಜಿ ಬಂದರು. ನಾನು ಹೆಸರು, ವಯಸ್ಸು, ಆಭಾ ನಂಬರು (ಸರ್ಕಾರದ 14 ಅಂಕಿಯ ಆರೋಗ್ಯ ಗುರುತಿನ ನಂಬರು), ಮನೆಯಲ್ಲಿ ಇನ್ಯಾರಿಗೆ ಶುಗರ್ ಇದೆ ಅಂತ ಒಂದೊಂದೇ ಒತ್ತುತ್ತಾ ಕೂತಿದ್ದೆ. "ಯವ್ವಾ, ಆ ಪಾಟಿ ಬಿಟ್ಟು ಒಮ್ಮೆ ನನ್ ಮಾರಿ ನೋಡು" ಅಂದುಬಿಟ್ಟರು. ಅವರ ಕಾಲಿಗೆ ಬಟ್ಟೆ ಸುತ್ತಿದ್ದು ನನ್ನ ಕಣ್ಣಿಗೆ ಬಿದ್ದದ್ದು ಅವರು ಎದ್ದು ಹೋಗುವಾಗ. ನೀವೆಲ್ಲ ಹೇಗೆ ಮಾಡುತ್ತೀರಿ?

ಮಸ್ಕಿಯಿಂದ:
ನಾನು ಮೊದಲು ಟ್ಯಾಬ್ ತೆಗೆಯುವುದೇ ಇಲ್ಲ. ಬಿಪಿಗೆ ಮುಂಚೆ ಹೇಗೂ ಐದು ನಿಮಿಷ ಸುಮ್ನೆ ಕೂರಿಸಬೇಕಲ್ವಾ, ಆಗ ಕೈ ಕಾಲು ನೋಡುತ್ತೇನೆ. ಆಮೇಲೆ ಬಿಪಿ ನೋಡಿ ಅವರ ಕಾರ್ಡಿಗೆ ಬರೆದು, ಅದನ್ನೇ ಅವರ ಎದುರಿಗೇ ಟ್ಯಾಬ್‌ಗೆ ಹಾಕಿಬಿಡುತ್ತೇನೆ. ಬೇರೆ ಪ್ರಶ್ನೆ ಸಂಜೆಗೆ ಉಳಿದರೂ ನಡೆಯುತ್ತದೆ, ಅಂಕಿ ಮಾತ್ರ ಬಿಡಬೇಡಿ. ನೆನಪಿನಲ್ಲಿ 148 ಹೋಗಿ 138 ಆಗುತ್ತದೆ, ಬಿಪಿ ಜಾಸ್ತಿ ಅನ್ನೋ ಗೆರೆ ಇರೋದೇ 140ಕ್ಕೆ.
ಟ್ಯಾಬ್ ಬೈಯೋದೂ ಬೇಡ. ಈ ತಿಂಗಳು ಮಾತ್ರೆಗೆ ಬರದವರು ಯಾರು ಅಂತ ರಿಜಿಸ್ಟರ್ ತಿರುವಿದರೆ ಅರ್ಧ ದಿನ, ಟ್ಯಾಬ್‌ನಲ್ಲಿ ಪಟ್ಟಿ ಕೂಡಲೇ ಸಿಗುತ್ತದೆ. ಅದನ್ನು ಆಶಾ ಕೈಗೆ ಕೊಟ್ಟರೆ ಸಾಕು. (ಬೇಸಿಗೆಯಲ್ಲಿ ಮಾತ್ರ ಗಾಡಿ ಡಿಕ್ಕಿಯಲ್ಲಿ ಇಡಬೇಡಿ. ನಮ್ಮ ರಾಯಚೂರು ಬಿಸಿಲಿಗೆ ಅದು ಕಣ್ಣು ಮುಚ್ಚುತ್ತದೆ.)

ಸಿಂಧನೂರು:
ನಮಗೆ ತಲೆನೋವು ಆಭಾ ಮಾಡಿಸೋಕೆ ಬೇಕಾದ ಓಟಿಪಿ. ಆಧಾರ್‌ಗೆ ಜೋಡಿಸಿದ್ದು ಮಗನ ನಂಬರು, ಮಗ ಗುಳೆ ಹೋಗಿ ಬೆಂಗಳೂರಲ್ಲಿ ಗಾರೆ ಕೆಲಸದಲ್ಲಿದ್ದಾನೆ, ಫೋನ್ ಎತ್ತಿದರೂ ಮೋಸದವರೇನೋ ಅಂತ ಓಟಿಪಿ ಹೇಳಲ್ಲ. ಅವನ ತಪ್ಪೂ ಅಲ್ಲ. ಬೆರಳಚ್ಚು ಹಾಕಿಸೋಣ ಅಂದರೆ ಭತ್ತದ ಗದ್ದೆಯಲ್ಲಿ ದುಡಿದ ಕೈ, ಗೆರೆಯೇ ಸವೆದಿರುತ್ತದೆ. ಆಭಾ ಕಡ್ಡಾಯ ಅಲ್ಲ, ಅದಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಬಾರದು. ಆದರೆ ಗುಳೆ ಹೋಗುವವರಿಗೇ ಆ 14 ಅಂಕಿ ಜಾಸ್ತಿ ಬೇಕಾಗೋದು. ಅಲ್ಲಿನ ಡಾಕ್ಟರ್‌ಗೆ ಇಲ್ಲಿನ ಚೀಟಿ ಸಿಗಬೇಕಲ್ಲ. ಅದಕ್ಕೇ ನಾವು ಹಬ್ಬಕ್ಕೆ ಮಗ ಊರಿಗೆ ಬಂದಾಗ ಮಾಡಿಸುತ್ತೇವೆ.

ಬಳ್ಳಾರಿ ಹುಡುಗ:
ನಾನು ರೋಗಿಯ ಕಡೆಯವನು. ಅಮ್ಮನಿಗೆ ಊರಿನ ಉಪಕೇಂದ್ರದಲ್ಲೇ ಇ-ಸಂಜೀವಿನಿಯಲ್ಲಿ (ಸರ್ಕಾರದ ವಿಡಿಯೋ ಕಾಲ್ ವೈದ್ಯ ಸೇವೆ) ಡಾಕ್ಟರ್ ಸಿಕ್ಕರು, ಬಸ್ ಚಾರ್ಜು ಉಳಿಯಿತು. ಚೀಟಿ ಇಂಗ್ಲಿಷಿನಲ್ಲಿತ್ತು. ಅಲ್ಲಿನ ಸಿಸ್ಟರ್ ಮಾತ್ರೆ ಪಟ್ಟಿಯ ಮೇಲೆ ಪೆನ್ನಿನಲ್ಲಿ ಸೂರ್ಯ, ಚಂದ್ರ ಬರೆದುಕೊಟ್ಟರು. ಅಮ್ಮ ಇವತ್ತಿಗೂ "ಚಂದ್ರನ ಗುಳಗಿ" ಅಂತಾರೆ. ಒಂದು ಮಾತು, ರೋಗಿಗಳ ಹೆಸರು, ಫೋಟೋ ಊರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ಟಿಬಿ ಅಂತ ಗೊತ್ತಾದರೆ ಊರಲ್ಲಿ ಚಹಾ ಕಪ್ಪೂ ಬೇರೆ ಇಡುತ್ತಾರೆ.

ಕುಷ್ಟಗಿ ಸಿಸ್ಟರ್:
ಇವತ್ತು ಅಜ್ಜಿ ಮನೆಗೇ ಹೋದೆ. ಬಟ್ಟೆ ಬಿಚ್ಚಿದರೆ ಹೆಬ್ಬೆರಳಲ್ಲಿ ಹುಣ್ಣು, ಶುಗರ್ 280. ಟ್ಯಾಬ್ ಕ್ಯಾಮೆರಾ ಹತ್ತಿರ ಹಿಡಿದು ಡಾಕ್ಟರ್‌ಗೆ ತೋರಿಸಿದೆ, ನಾಳೆಯೇ ತಾಲೂಕು ಆಸ್ಪತ್ರೆಗೆ ಕಳಿಸಿ ಅಂದರು. ತೊಗರಿ ಕೊಯ್ಲು ಮುಗಿಯೋ ತನಕ ಬರಲ್ಲ ಅಂತ ಅಜ್ಜಿ ಹಟ. ಅದಕ್ಕೇನಾದರೂ ಆ್ಯಪ್ ಇದ್ದರೆ ಹೇಳಿ. ಬೆಳಗ್ಗೆ ಏಳಕ್ಕೆ ಆಶಾ ಜತೆ ಮತ್ತೆ ಹೋಗುತ್ತಿದ್ದೇನೆ, ಟ್ಯಾಬ್ ಇಲ್ಲದೆ.